ಫ್ರೆಂಚ್ ಕಲೆಯಲ್ಲಿ ಜನಸಮೂಹ ಮತ್ತು ಜನದಂಗೆ (೧೭೮೯–೧೮೭೧)

ಜನಸಮೂಹವನ್ನೂ ಜನದಂಗೆಯನ್ನೂ ವಸ್ತುವಾಗಿ ಉಳ್ಳ ಫ್ರೆಂಚ್ ಕಲಾಪರಂಪರೆಯು ಮುಖ್ಯವಾಗಿ ೧೭೮೯ರ ಮಹಾಕ್ರಾಂತಿಯಿಂದ ೧೮೭೧ರ ಪ್ಯಾರಿಸ್ ಕಮ್ಯೂನ್‌ವರೆಗಿನ ಅವಧಿಯಲ್ಲಿ ರೂಪುಗೊಂಡಿತು. ಈ ಅವಧಿಯಲ್ಲಿ ಪ್ಯಾರಿಸ್ ನಗರದ ಜನರು ೧೭೮೯, ೧೮೩೦, ೧೮೪೮ ಮತ್ತು ೧೮೭೧ರಲ್ಲಿ ಪ್ರಭುತ್ವದ ವಿರುದ್ಧ ಬೀದಿಗಿಳಿದರು. ಅದುವರೆಗೆ ಚಿತ್ರದ ಹಿನ್ನೆಲೆಯಲ್ಲಿ ಮಾತ್ರ ನಿಲ್ಲುತ್ತಿದ್ದ ಸಾಮಾನ್ಯ ಜನರು ಈ ಘಟನೆಗಳ ಫಲವಾಗಿ ಚಿತ್ರದ ಮುಂಭಾಗಕ್ಕೆ ಬಂದರು. ತೈಲವರ್ಣ, ತಾಮ್ರಫಲಕದ ಕೆತ್ತನೆ, ಕಲ್ಲಚ್ಚು, ಶಿಲ್ಪ ಹಾಗೂ ಛಾಯಾಚಿತ್ರ ಈ ಎಲ್ಲ ಮಾಧ್ಯಮಗಳಲ್ಲೂ ಈ ವಸ್ತು ಬಳಕೆಯಾಯಿತು.

ಈ ಕೃತಿಗಳಲ್ಲಿ ಜನರನ್ನು ತೋರಿಸುವ ಮೂರು ಬಗೆಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಮೊದಲನೆಯದು ಇಡೀ ಜನತೆಯನ್ನು ಒಂದೇ ಸಾಂಕೇತಿಕ ದೇಹವಾಗಿ ಕಾಣುವುದು. ಎರಡನೆಯದು ಗುಂಪಿನೊಳಗಿನ ಬಿಡಿ ಮುಖಗಳನ್ನು ಗುರುತಿಸಿ ಬಿಡಿಸುವುದು. ಮೂರನೆಯದು ದಂಗೆ ಅಡಗಿದ ಮೇಲೆ ನೆಲದ ಮೇಲೆ ಉಳಿದ ದೇಹಗಳನ್ನು ತೋರಿಸುವುದು. ಯಾವ ಬಗೆಯ ಚಿತ್ರ ಯಾವಾಗ ಸಾರ್ವಜನಿಕರ ಕಣ್ಣಿಗೆ ಬಿತ್ತು, ಯಾವುದನ್ನು ಬಚ್ಚಿಡಲಾಯಿತು ಎಂಬುದು ಬಹುಮಟ್ಟಿಗೆ ಆಯಾ ಕಾಲದ ಸರ್ಕಾರಗಳ ನಿಲುವನ್ನು ಅವಲಂಬಿಸಿತ್ತು.

ಹಿನ್ನೆಲೆ

೧೬೪೮ರಲ್ಲಿ ಸ್ಥಾಪನೆಯಾದ ಫ್ರಾನ್ಸಿನ ರಾಜಾಶ್ರಿತ ಚಿತ್ರಕಲಾ ಅಕಾಡೆಮಿಯು ಚಿತ್ರವಸ್ತುಗಳಲ್ಲಿ ಮೇಲುಕೀಳಿನ ಶ್ರೇಣಿಯೊಂದನ್ನು ಮಾನ್ಯಮಾಡಿತ್ತು. ಪುರಾಣ, ಬೈಬಲ್ ಹಾಗೂ ಪ್ರಾಚೀನ ಚರಿತ್ರೆಯ ವೀರರ ಚಿತ್ರಗಳು ಈ ಶ್ರೇಣಿಯ ತುದಿಯಲ್ಲಿದ್ದವು. ದಿನನಿತ್ಯದ ಬದುಕಿನ ಚಿತ್ರಗಳು ಕೆಳಗಿನ ಸ್ಥಾನದಲ್ಲಿದ್ದವು. ವೀರನೊಬ್ಬನ ಸುತ್ತ ಗುಂಪು ಇರಬಹುದಾಗಿತ್ತು, ಆದರೆ ಗುಂಪೇ ಕಥಾನಾಯಕ ಆಗುವಂತಿರಲಿಲ್ಲ.

ಇದಕ್ಕೆ ಹೊರತಾದ ಕೆಲವು ಉದಾಹರಣೆಗಳು ಅಚ್ಚಿನ ಚಿತ್ರಗಳಲ್ಲಿ ದೊರೆಯುತ್ತವೆ. ಲೊರೇನ್ ಪ್ರಾಂತದ ಕಲಾವಿದ ಜಾಕ್ ಕಾಲೋ ೧೬೩೩ರಲ್ಲಿ ಪ್ರಕಟಿಸಿದ, ಯುದ್ಧದ ಸಂಕಟಗಳನ್ನು ಕುರಿತ ಹದಿನೆಂಟು ಫಲಕಗಳ ಮಾಲೆಯಲ್ಲಿ ಲೂಟಿಗೊಳಗಾದ ರೈತರು ಸೈನಿಕರ ಮೇಲೆ ಸೇಡು ತೀರಿಸಿಕೊಳ್ಳುವ ದೃಶ್ಯವಿದೆ. ಅಗ್ಗವಾಗಿ ಮಾರಾಟವಾಗುವ, ಕೈಯಿಂದ ಕೈಗೆ ಸಾಗುವ ಅಚ್ಚಿನ ಚಿತ್ರವು ಜನರ ಕಥೆಯನ್ನು ಹೇಳುವ ಸಾಧನವಾಗಬಲ್ಲದೆಂಬುದಕ್ಕೆ ಇದು ಮುನ್ಸೂಚನೆಯಾಗಿತ್ತು.

ಮಹಾಕ್ರಾಂತಿಯ ಕಾಲ

ಬ್ಯಾಸ್ಟೀಲಿನ ಪತನ

೧೭೮೯ರ ಜುಲೈ ೧೪ರಂದು ಬ್ಯಾಸ್ಟೀಲ್ ಕೋಟೆ ಜನರ ಕೈವಶವಾಯಿತು. ಈ ಘಟನೆಯ ಅಚ್ಚಿನ ಚಿತ್ರಗಳು ಬಹು ಬೇಗನೆ ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಎತ್ತರದ ಗೋಪುರಗಳು, ಬಂದೂಕಿನ ಹೊಗೆ ಮತ್ತು ಕೆಳಗೆ ಇರುವೆಗಳಂತೆ ಚಿಕ್ಕದಾಗಿ ಕಾಣುವ ಜನರು ಇದ್ದಾರೆ. ಮುತ್ತಿಗೆಯಲ್ಲಿ ಸ್ವತಃ ಪಾಲ್ಗೊಂಡಿದ್ದ ದ್ರಾಕ್ಷಾಮದ್ಯದ ವ್ಯಾಪಾರಿ ಕ್ಲೋದ್ ಶೋಲಾ ಬಿಡಿಸಿದ ಚಿತ್ರವು ಇವುಗಳಿಗಿಂತ ಭಿನ್ನವಾಗಿದೆ. ಚಿತ್ರಕಲೆಯ ಶಿಕ್ಷಣವಿಲ್ಲದ ಆತನು ಬೇರೆ ಬೇರೆ ಗಳಿಗೆಗಳಲ್ಲಿ ನಡೆದ ಸಂಗತಿಗಳನ್ನು ಒಂದೇ ಹಾಳೆಯಲ್ಲಿ ಒಟ್ಟಿಗೆ ಇರಿಸಿದ್ದಾನೆ. ದೂರದಿಂದ ನೋಡಿದವನ ಒಂದೇ ನೋಟಕ್ಕೆ ಬದಲಾಗಿ, ಒಳಗಿದ್ದವನ ನೆನಪು ಅಲ್ಲಿ ಚಿತ್ರದ ಕ್ರಮವನ್ನು ನಿರ್ಧರಿಸಿದೆ.

ದಾವಿದ್‌ನ ಅಪೂರ್ಣ ಚಿತ್ರ

೧೭೮೯ರ ಜೂನ್ ೨೦ರಂದು ಮೂರನೆಯ ವರ್ಗದ ಪ್ರತಿನಿಧಿಗಳು ವರ್ಸೇಲ್ಸ್‌ನ ಟೆನಿಸ್ ಅಂಗಣವೊಂದರಲ್ಲಿ ಸೇರಿ, ಸಂವಿಧಾನ ರಚನೆಯಾಗುವವರೆಗೆ ಚದುರುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಈ ಘಟನೆಯನ್ನು ಬೃಹತ್ ಗಾತ್ರದಲ್ಲಿ ಚಿತ್ರಿಸುವ ಹೊಣೆಯನ್ನು ಜಾಕ್-ಲೂಯಿ ದಾವಿದ್ ವಹಿಸಿಕೊಂಡನು. ಅದರ ಸಿದ್ಧತಾ ರೇಖಾಚಿತ್ರವು ೧೭೯೧ರ 'ಸಲೋನ್', ಅಂದರೆ ಅಧಿಕೃತ ಕಲಾಪ್ರದರ್ಶನದಲ್ಲಿ ಪ್ರದರ್ಶಿತವಾಯಿತು. ನಡುವೆ ಮೇಜಿನ ಮೇಲೆ ನಿಂತ ಬೈಯಿ ಪ್ರತಿಜ್ಞೆಯನ್ನು ಓದುತ್ತಿದ್ದಾನೆ. ನೂರಾರು ಕೈಗಳು ಅವನತ್ತ ಚಾಚಿವೆ. ಮೇಲಿನ ಕಿಟಕಿಗಳಲ್ಲಿ ಗಾಳಿಗೆ ಪರದೆಗಳು ಹಾರುತ್ತಿದ್ದು ಜನರು ಇಣುಕಿ ನೋಡುತ್ತಿದ್ದಾರೆ. ಪ್ರತಿಜ್ಞೆಗೆ ಒಪ್ಪದ ಏಕೈಕ ಪ್ರತಿನಿಧಿ ಮಾರ್ತಾಂ ದೋಶ್ ಬಲಬದಿಯಲ್ಲಿ ಕೈಕಟ್ಟಿ ಕುಳಿತಿರುವುದನ್ನೂ ದಾವಿದ್ ಬಿಟ್ಟಿಲ್ಲ.

ಈ ಚಿತ್ರ ಪೂರ್ಣಗೊಳ್ಳಲಿಲ್ಲ. ವೆಚ್ಚಕ್ಕೆಂದು ಎತ್ತಿದ ಚಂದಾ ನಿರೀಕ್ಷಿಸಿದಷ್ಟು ಕೂಡಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಚಿತ್ರದಲ್ಲಿದ್ದ ನಾಯಕರು ಒಬ್ಬೊಬ್ಬರಾಗಿ ಕ್ರಾಂತಿಯ ವೈರಿಗಳೆನಿಸಿಕೊಂಡರು. ಮಿರಾಬೋ ಅರಮನೆಯೊಡನೆ ಗುಪ್ತ ಸಂಪರ್ಕ ಹೊಂದಿದ್ದುದು ಅವನ ಮರಣಾನಂತರ ಬಯಲಾಯಿತು. ಬೈಯಿ ಮತ್ತು ಬಾರ್ನಾವ್ ೧೭೯೩ರಲ್ಲಿ ಗಿಲೊಟಿನ್‌ಗೆ ಬಲಿಯಾದರು. ವರ್ಸೇಲ್ಸ್‌ನಲ್ಲಿ ಉಳಿದಿರುವ ಬಟ್ಟೆಯ ಮೇಲೆ ಬತ್ತಲೆ ದೇಹಗಳ ಬಾಹ್ಯರೇಖೆಗಳೂ ಬಣ್ಣ ತುಂಬಿದ ಕೆಲವೇ ಮುಖಗಳೂ ಇವೆ. ಗುಂಪಿನ ಪ್ರತಿಯೊಂದು ಮುಖಕ್ಕೂ ಹೆಸರು ಕೊಡುವ ಚಿತ್ರಕ್ಕೆ ರಾಜಕೀಯದ ವೇಗದೊಡನೆ ಹೆಜ್ಜೆ ಹಾಕುವುದು ಸಾಧ್ಯವಾಗಲಿಲ್ಲ.

ಹರ್ಕ್ಯುಲಿಸ್ ಮತ್ತು ಸಾಂ-ಕ್ಯುಲೋತ್

ಹೆಸರುಗಳ ತೊಡಕಿಲ್ಲದ ಪರಿಹಾರವನ್ನೂ ದಾವಿದ್‌ನೇ ಮುಂದಿಟ್ಟನು. ೧೭೯೩ರಲ್ಲಿ ಅವನು ಫ್ರೆಂಚ್ ಜನತೆಯನ್ನು ಹರ್ಕ್ಯುಲಿಸ್‌ನ ರೂಪದ ದೈತ್ಯ ಪ್ರತಿಮೆಯಾಗಿ ಪ್ಯಾರಿಸ್‌ನ ಪೋಂ ನಫ್ ಸೇತುವೆಯ ಬಳಿ ನಿಲ್ಲಿಸಬೇಕೆಂದು ಸೂಚಿಸಿದನು. ಒಡೆದ ರಾಜಪ್ರತಿಮೆಗಳ ಚೂರುಗಳೇ ಅದರ ಪೀಠವಾಗಬೇಕಿತ್ತು. ಹಣೆಯ ಮೇಲೆ ಬೆಳಕು, ಎದೆಯ ಮೇಲೆ ನಿಸರ್ಗ ಮತ್ತು ಸತ್ಯ, ತೋಳುಗಳ ಮೇಲೆ ಬಲ, ಕೈಗಳ ಮೇಲೆ ದುಡಿಮೆ ಎಂಬ ಪದಗಳನ್ನು ಬರೆಯಬೇಕೆಂಬುದೂ ಯೋಜನೆಯಲ್ಲಿತ್ತು. ಕ್ರಾಂತಿಕಾರಿ ಶಾಸನಸಭೆ ಇದಕ್ಕೆ ಒಪ್ಪಿಗೆ ನೀಡಿದರೂ ಶಾಶ್ವತ ಪ್ರತಿಮೆ ನಿರ್ಮಾಣವಾಗಲಿಲ್ಲ.

ಕ್ರಾಂತಿಯ ಬೀದಿಹೋರಾಟಗಾರರನ್ನು 'ಸಾಂ-ಕ್ಯುಲೋತ್' ಎಂದು ಕರೆಯುತ್ತಿದ್ದರು. ಶ್ರೀಮಂತರು ತೊಡುತ್ತಿದ್ದ ಮೊಣಕಾಲುದ್ದದ ಚಲ್ಲಣವನ್ನು ತೊಡದವರು ಎಂಬುದು ಇದರ ಅರ್ಥ. ಇವರ ಚಿತ್ರಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದುದು ಲೂಯಿ-ಲಿಯೊಪೋಲ್ಡ್ ಬ್ವಾಯಿ ೧೭೯೨ರಲ್ಲಿ ರಚಿಸಿದ ತೈಲಚಿತ್ರ. ಉದ್ದ ಷರಾಯಿ, ಮೋಟು ಅಂಗಿ, ಮರದ ಪಾದರಕ್ಷೆ, ಬಾಯಲ್ಲಿ ಚುಟ್ಟಾಕೊಳವೆ ಮತ್ತು ಕೈಯಲ್ಲಿ ಧ್ವಜ ಇವು ಅದರ ವಿವರಗಳು. ಆದರೆ ಚಿತ್ರದಲ್ಲಿರುವವನು ಕೂಲಿಗಾರನಲ್ಲ. ಉತ್ಸವವೊಂದಕ್ಕಾಗಿ ವೇಷ ಧರಿಸಿದ ಸಿಮೋಂ ಶೆನಾರ್ ಎಂಬ ಗೀತನಾಟಕದ ಗಾಯಕ. ಇದೇ ಅವಧಿಯಲ್ಲಿ ಇಂಗ್ಲೆಂಡಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಸಾಂ-ಕ್ಯುಲೋತರನ್ನು ನರಭಕ್ಷಕರಾಗಿ ಬಿಡಿಸಿದನು. ಹೀಗೆ ಕ್ರಾಂತಿಯ ಪರವಾದ ಚಿತ್ರದಲ್ಲಿ ನಟನೂ ವಿರುದ್ಧವಾದ ಚಿತ್ರದಲ್ಲಿ ರಾಕ್ಷಸನೂ ಬೀದಿಯ ಮನುಷ್ಯನ ಸ್ಥಾನದಲ್ಲಿ ನಿಂತರು.

೧೮೩೦ರ ಜುಲೈ ಕ್ರಾಂತಿ

ಜನತೆಯನ್ನು ಮುನ್ನಡೆಸುವ ಸ್ವಾತಂತ್ರ್ಯ

ದೊರೆ ಹತ್ತನೆಯ ಚಾರ್ಲ್ಸ್ ಪತ್ರಿಕಾ ಸ್ವಾತಂತ್ರ್ಯವನ್ನು ಮೊಟಕುಗೊಳಿಸಿ, ಮತದಾನದ ಹಕ್ಕನ್ನು ಇನ್ನಷ್ಟು ಕುಗ್ಗಿಸಿದಾಗ ೧೮೩೦ರ ಜುಲೈ ೨೭ರಿಂದ ೨೯ರವರೆಗೆ ಪ್ಯಾರಿಸ್‌ನಲ್ಲಿ ಕಾಳಗ ನಡೆಯಿತು. ದೊರೆ ಪದಚ್ಯುತನಾದನು, ಲೂಯಿ ಫಿಲಿಪ್ ಸಿಂಹಾಸನವೇರಿದನು. ಯೂಜೀನ್ ಡೆಲಕ್ರಾ ಆ ಕಾಳಗದಲ್ಲಿ ಹೋರಾಡಿದವನಲ್ಲ. ದೇಶಕ್ಕಾಗಿ ಹೋರಾಡದಿದ್ದರೂ ಅದಕ್ಕಾಗಿ ಚಿತ್ರವನ್ನಾದರೂ ಬರೆಯುವೆನೆಂದು ಅವನು ಆ ವರ್ಷದ ಅಕ್ಟೋಬರ್‌ನಲ್ಲಿ ತನ್ನ ಸಹೋದರನಿಗೆ ಪತ್ರದಲ್ಲಿ ತಿಳಿಸಿದನು. ಹೀಗೆ ರಚನೆಯಾದ 'ಜನತೆಯನ್ನು ಮುನ್ನಡೆಸುವ ಸ್ವಾತಂತ್ರ್ಯ' ಎಂಬ ತೈಲಚಿತ್ರವು ೨.೬೦ ಮೀಟರ್ ಎತ್ತರ ಮತ್ತು ೩.೨೫ ಮೀಟರ್ ಅಗಲವಿದ್ದು, ಈಗ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ.

ಚಿತ್ರದ ನಡುವೆ ಮೂವರ್ಣ ಧ್ವಜವನ್ನೂ ಬಯೊನೆಟ್ ಸಿಕ್ಕಿಸಿದ ಬಂದೂಕನ್ನೂ ಹಿಡಿದ ಸ್ತ್ರೀಯೊಬ್ಬಳು ಬ್ಯಾರಿಕೇಡನ್ನು ದಾಟಿ ಬರುತ್ತಿದ್ದಾಳೆ. ಅವಳು ಸ್ವಾತಂತ್ರ್ಯದ ಸಾಂಕೇತಿಕ ಮೂರ್ತಿ. ಅವಳ ಸುತ್ತಲಿನವರಾದರೋ ನಗರದ ಗುರುತಿಸಬಹುದಾದ ಜನರು: ಎತ್ತರದ ಟೋಪಿ ತೊಟ್ಟು ಕೋವಿ ಹಿಡಿದವನು, ಕತ್ತಿ ಹಿಡಿದ ಕೆಲಸಗಾರ, ಎರಡೂ ಕೈಗಳಲ್ಲಿ ಪಿಸ್ತೂಲು ಹಿಡಿದ ಹುಡುಗ. ಮುಂಭಾಗದಲ್ಲಿ ಸತ್ತು ಬಿದ್ದವರಲ್ಲಿ ಒಬ್ಬನ ಷರಾಯಿ ಕಳಚಿಹೋಗಿದ್ದು ಒಂದು ಕಾಲಿನಲ್ಲಿ ಮಾತ್ರ ಕಾಲುಚೀಲ ಉಳಿದಿದೆ. ಬಲಬದಿಯ ಹಿನ್ನೆಲೆಯಲ್ಲಿ ನೋತ್ರ್ ದಾಮ್ ಚರ್ಚಿನ ಗೋಪುರಗಳಿವೆ. ದೇವತೆಯಂತಹ ಮೂರ್ತಿಯನ್ನು ಹೊಗೆ ಮತ್ತು ಹೆಣಗಳ ನಡುವೆ ನಿಲ್ಲಿಸಿದ್ದು ಅಂದಿನ ಕೆಲವು ವಿಮರ್ಶಕರಿಗೆ ರುಚಿಸಲಿಲ್ಲ. ಅವಳ ಮೈ ಕೊಳಕಾಗಿದೆಯೆಂದು ಅವರು ಆಕ್ಷೇಪಿಸಿದರು.

ಚಿತ್ರದ ನಂತರದ ಇತಿಹಾಸ

೧೮೩೧ರ ಸಲೋನ್‌ನಲ್ಲಿ ಪ್ರದರ್ಶಿತವಾದ ಈ ಚಿತ್ರವನ್ನು ಸರ್ಕಾರವು ೩,೦೦೦ ಫ್ರಾಂಕ್‌ಗಳಿಗೆ ಕೊಂಡುಕೊಂಡಿತು. ಬ್ಯಾರಿಕೇಡಿನಿಂದಲೇ ಅಧಿಕಾರಕ್ಕೆ ಬಂದ ಆಡಳಿತಕ್ಕೆ ಬ್ಯಾರಿಕೇಡಿನ ಚಿತ್ರವೇ ಬಹು ಬೇಗ ಇರುಸುಮುರುಸು ಉಂಟುಮಾಡಿತು. ೧೮೩೨ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಗಣರಾಜ್ಯವಾದಿಗಳು ಮತ್ತೆ ದಂಗೆಯೆದ್ದರು. ಕೆಲಕಾಲ ಪ್ರದರ್ಶನದಲ್ಲಿದ್ದ ಚಿತ್ರವನ್ನು ಕೆಳಗಿಳಿಸಿ, ಮುಂದೆ ಕಲಾವಿದನಿಗೇ ಹಿಂದಿರುಗಿಸಲಾಯಿತು. ೧೮೪೮ರ ಕ್ರಾಂತಿಯ ಬಳಿಕ ಅಲ್ಪಕಾಲ ಹಾಗೂ ೧೮೫೫ರ ವಿಶ್ವಪ್ರದರ್ಶನದಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ೧೮೭೪ರಲ್ಲಿ ಲೂವ್ರ್ ಸೇರಿತು. ಇಪ್ಪತ್ತನೆಯ ಶತಮಾನದಲ್ಲಿ ಫ್ರಾನ್ಸಿನ ನೂರು ಫ್ರಾಂಕಿನ ನೋಟಿನ ಮೇಲೂ ಇದರ ಪ್ರತಿರೂಪ ಅಚ್ಚಾಯಿತು. ಹಳದಿಗಟ್ಟಿದ್ದ ವಾರ್ನಿಷ್ ತೆಗೆದು ಶುಚಿಗೊಳಿಸಿದ ಚಿತ್ರವನ್ನು ೨೦೨೪ರ ಮೇ ತಿಂಗಳಿನಲ್ಲಿ ಮರಳಿ ಪ್ರದರ್ಶನಕ್ಕಿಡಲಾಯಿತು.

ಸ್ಮಾರಕಗಳು

ಜುಲೈ ಕ್ರಾಂತಿಯಲ್ಲಿ ಮಡಿದವರ ನೆನಪಿಗಾಗಿ ಬ್ಯಾಸ್ಟೀಲ್ ಚೌಕದಲ್ಲಿ ಕಟ್ಟಿದ ಜುಲೈ ಸ್ತಂಭವು ೧೮೪೦ರಲ್ಲಿ ಉದ್ಘಾಟನೆಗೊಂಡಿತು. ಅದರ ಮೇಲೆ ೫೦೪ ಮಂದಿಯ ಹೆಸರುಗಳನ್ನು ಕೊರೆಯಲಾಗಿದೆ. ಫ್ರಾನ್ಸ್ವಾ ರ್ಯೂಡ್ ೧೮೩೩ರಿಂದ ೧೮೩೬ರ ಅವಧಿಯಲ್ಲಿ ಪ್ಯಾರಿಸ್‌ನ ವಿಜಯ ಕಮಾನಿಗಾಗಿ ಕೆತ್ತಿದ '೧೭೯೨ರ ಸ್ವಯಂಸೇವಕರ ನಿರ್ಗಮನ' ಎಂಬ ಉಬ್ಬುಶಿಲ್ಪದಲ್ಲಿ ಜನಸಮೂಹವು ಗಡಿಯ ಕಡೆ ಮುಖಮಾಡಿದೆ. ಹೊರಗಿನ ಶತ್ರುವಿನ ವಿರುದ್ಧ ಹೊರಟ ಗುಂಪನ್ನು ಸರ್ಕಾರ ಕಲ್ಲಿನಲ್ಲಿ ಕೆತ್ತಿಸಿ ನಗರದ ಮಧ್ಯೆ ನಿಲ್ಲಿಸಿತು. ಒಳಗಿನ ಆಳ್ವಿಕೆಯ ವಿರುದ್ಧ ನಿಂತ ಡೆಲಕ್ರಾನ ಗುಂಪು ಆ ವರ್ಷಗಳಲ್ಲಿ ಜನರ ಕಣ್ಣಿನಿಂದ ಮರೆಯಾಗಿತ್ತು.

ಕಲ್ಲಚ್ಚು ಮತ್ತು ನಿರ್ಬಂಧ

ಕಲ್ಲಿನ ಮೇಲೆ ನೇರವಾಗಿ ಬರೆದು ಅಚ್ಚುಹಾಕುವ ಕಲ್ಲಚ್ಚು ವಿಧಾನವು ಚಿತ್ರಗಳನ್ನು ಶೀಘ್ರವಾಗಿಯೂ ಅಗ್ಗವಾಗಿಯೂ ಒದಗಿಸುತ್ತಿತ್ತು. ಶಾರ್ಲ್ ಫಿಲಿಪೋಂ ೧೮೩೦ರಲ್ಲಿ ಆರಂಭಿಸಿದ 'ಲಾ ಕಾರಿಕಾತ್ಯೂರ್' ಪತ್ರಿಕೆಯಲ್ಲಿ ಒನೊರೆ ದೋಮ್ಯೆ ಪ್ರಸಿದ್ಧಿಗೆ ಬಂದನು. ದೊರೆಯನ್ನು ಜನರ ದುಡಿಮೆಯನ್ನು ನುಂಗುವ ದೈತ್ಯನಂತೆ ಬಿಡಿಸಿದ 'ಗಾರ್ಗಾಂತುವಾ' ಚಿತ್ರಕ್ಕಾಗಿ ಅವನಿಗೆ ಆರು ತಿಂಗಳ ಸೆರೆವಾಸ ವಿಧಿಸಲಾಯಿತು.

೧೮೩೪ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಟ್ರಾನ್ಸ್‌ನೊನೇನ್ ಬೀದಿಯ ಮನೆಯೊಂದಕ್ಕೆ ಸೈನಿಕರು ನುಗ್ಗಿ ಅಲ್ಲಿನ ನಿವಾಸಿಗಳನ್ನು ಕೊಂದರು. ಆ ಬೀದಿಯ ಹೆಸರನ್ನೂ ಘಟನೆಯ ದಿನಾಂಕವನ್ನೂ ಶೀರ್ಷಿಕೆಯಾಗಿ ಹೊತ್ತ ದೋಮ್ಯೆಯ ಕಲ್ಲಚ್ಚಿನಲ್ಲಿ ಕಾಳಗವಿಲ್ಲ, ಸೈನಿಕರಿಲ್ಲ, ಧ್ವಜವಿಲ್ಲ. ಮಲಗುವ ಕೋಣೆಯಲ್ಲಿ ರಾತ್ರಿಯುಡುಗೆಯ ಗಂಡಸೊಬ್ಬನು ಹಾಸಿಗೆಗೆ ಒರಗಿದಂತೆ ಸತ್ತು ಬಿದ್ದಿದ್ದಾನೆ. ಅವನ ಕೆಳಗೆ ಮಗುವಿನ ಶವವಿದೆ. ಪಕ್ಕದಲ್ಲಿ ಹೆಂಗಸೊಬ್ಬಳ ಮತ್ತು ಮುದುಕನೊಬ್ಬನ ದೇಹಗಳಿವೆ. ಪೊಲೀಸರು ಮೂಲ ಕಲ್ಲನ್ನೂ ಕೈಗೆ ಸಿಕ್ಕ ಪ್ರತಿಗಳನ್ನೂ ವಶಪಡಿಸಿಕೊಂಡರು.

೧೮೩೫ರ ಜುಲೈನಲ್ಲಿ ದೊರೆಯ ಕೊಲೆಗೆ ಯತ್ನ ನಡೆದ ಬಳಿಕ ಸರ್ಕಾರವು 'ಸೆಪ್ಟೆಂಬರ್ ಶಾಸನ'ಗಳನ್ನು ತಂದಿತು. ಇವುಗಳ ಪ್ರಕಾರ ಯಾವುದೇ ಚಿತ್ರವನ್ನು ಪ್ರಕಟಿಸುವ ಮೊದಲು ಸರ್ಕಾರದ ಅನುಮತಿ ಪಡೆಯಬೇಕಾಗಿತ್ತು. ಮುದ್ರಿತ ಬರೆಹಕ್ಕೆ ಇಂತಹ ಪೂರ್ವಾನುಮತಿ ಇರಲಿಲ್ಲ. ಓದು ಬರಹ ಬಾರದವರಿಗೂ ಚಿತ್ರವು ತಲುಪುತ್ತದೆ ಎಂಬ ಅರಿವು ಈ ವ್ಯತ್ಯಾಸದ ಹಿಂದಿತ್ತು.

೧೮೪೮ರ ಕ್ರಾಂತಿ

೧೮೪೮ರ ಫೆಬ್ರವರಿಯಲ್ಲಿ ಲೂಯಿ ಫಿಲಿಪ್ ಪದತ್ಯಾಗ ಮಾಡಿದನು, ಗಣರಾಜ್ಯ ಘೋಷಣೆಯಾಯಿತು. ನಿರುದ್ಯೋಗಿಗಳಿಗೆ ಕೆಲಸ ಒದಗಿಸುತ್ತಿದ್ದ ರಾಷ್ಟ್ರೀಯ ಕಾರ್ಯಾಗಾರಗಳನ್ನು ಮುಚ್ಚುವ ನಿರ್ಧಾರದಿಂದ ರೊಚ್ಚಿಗೆದ್ದ ಕಾರ್ಮಿಕರು ಜೂನ್ ೨೩ರಿಂದ ೨೬ರವರೆಗೆ ಬ್ಯಾರಿಕೇಡ್ ಹಾಕಿ ಹೋರಾಡಿದರು. ಈ ಬಾರಿ ದಂಗೆಯನ್ನು ಅಡಗಿಸಿದ್ದು ಗಣರಾಜ್ಯವೇ. ಸಾವಿರಾರು ಮಂದಿ ಮಡಿದರು.

ತಿಬೋ ಎಂಬ ಛಾಯಾಗ್ರಾಹಕನು ಸೇಂಟ್ ಮೋರ್ ಬೀದಿಯ ಬ್ಯಾರಿಕೇಡುಗಳನ್ನು ದಾಳಿಗೆ ಮೊದಲು ಮತ್ತು ದಾಳಿಯ ನಂತರ ಎತ್ತರದ ಕಿಟಕಿಯೊಂದರಿಂದ ಡಾಗೆರೋಟೈಪ್ ವಿಧಾನದಲ್ಲಿ ಸೆರೆಹಿಡಿದನು. ಇವುಗಳ ಮರದಚ್ಚಿನ ಪ್ರತಿಗಳು 'ಇಲ್ಯುಸ್ತ್ರಾಸಿಯೋಂ' ವಾರಪತ್ರಿಕೆಯಲ್ಲಿ ಪ್ರಕಟವಾದವು. ಸುದ್ದಿಗೆ ಛಾಯಾಚಿತ್ರವನ್ನು ಆಧಾರವಾಗಿ ಬಳಸಿದ ಅತ್ಯಂತ ಹಳೆಯ ಉದಾಹರಣೆಗಳಲ್ಲಿ ಇವು ಸೇರುತ್ತವೆ. ಅಂದಿನ ಛಾಯಾಫಲಕಗಳು ಬೆಳಕನ್ನು ಹೀರಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದುದರಿಂದ ಚಲಿಸುವವರು ಅವುಗಳಲ್ಲಿ ಸ್ಪಷ್ಟವಾಗಿ ಮೂಡುತ್ತಿರಲಿಲ್ಲ. ಹೀಗಾಗಿ ನಗರದ ಅತ್ಯಂತ ಗದ್ದಲದ ದಿನಗಳ ಈ ದಾಖಲೆಯಲ್ಲಿ ಬೀದಿಯು ಬಹುತೇಕ ನಿರ್ಜನವಾಗಿ ಕಾಣುತ್ತದೆ.

ಎರ್ನೆಸ್ಟ್ ಮೆಸ್ಸೋನ್ಯೆ ದಂಗೆಯನ್ನು ಅಡಗಿಸಿದವರ ಪಕ್ಷದಲ್ಲಿದ್ದನು; ಅವನು ರಾಷ್ಟ್ರೀಯ ರಕ್ಷಣಾದಳದ ಫಿರಂಗಿ ವಿಭಾಗದಲ್ಲಿ ಕ್ಯಾಪ್ಟನ್ ಆಗಿದ್ದನು. ತಾನು ಕಂಡದ್ದನ್ನು ಆಧರಿಸಿ ಅವನು ರಚಿಸಿದ 'ಬ್ಯಾರಿಕೇಡ್' ಸುಮಾರು ೨೯ × ೨೨ ಸೆಂಟಿಮೀಟರ್ ಅಳತೆಯ ಪುಟ್ಟ ಚಿತ್ರ. ಕಿತ್ತು ಹಾಕಿದ ಹಾಸುಗಲ್ಲುಗಳ ನಡುವೆ ಹೆಣಗಳು ಕಲ್ಲುಗಳೊಡನೆ ಬೆರೆತುಹೋಗಿವೆ. ಧ್ವಜವಿಲ್ಲದಿದ್ದರೂ ಸತ್ತವರ ಬಟ್ಟೆಗಳಲ್ಲಿ ನೀಲಿ, ಬಿಳಿ, ಕೆಂಪು ಬಣ್ಣಗಳಿವೆ. ಡೆಲಕ್ರಾನ ಚಿತ್ರದ ಕೆಳಭಾಗದಲ್ಲಿದ್ದ ಹೆಣಗಳಷ್ಟೇ ಇಲ್ಲಿ ಉಳಿದಿದ್ದು, ಅವುಗಳ ಮೇಲೆ ನಿಂತಿದ್ದ ಸ್ವಾತಂತ್ರ್ಯದ ಮೂರ್ತಿ ಇಲ್ಲವಾಗಿದೆ.

ಈ ಚಿತ್ರವಿದ್ದ ೧೮೫೦–೫೧ರ ಸಲೋನ್‌ನಲ್ಲೇ ಗುಸ್ತಾವ್ ಕೂರ್ಬೆಯ 'ಓರ್ನಾನಿನ ಅಂತ್ಯಸಂಸ್ಕಾರ' ಕೂಡ ಪ್ರದರ್ಶಿತವಾಯಿತು. ಇದರಲ್ಲಿ ದಂಗೆಯಿಲ್ಲ, ಹಳ್ಳಿಯ ಸಾಮಾನ್ಯ ಜನರು ಸಮಾಧಿಯ ಸುತ್ತ ಸಾಲಾಗಿ ನಿಂತಿದ್ದಾರೆ. ಆದರೆ ಆರು ಮೀಟರಿಗೂ ಮಿಗಿಲಾದ ಅಗಲದ, ಚಾರಿತ್ರಿಕ ಚಿತ್ರಗಳಿಗೆ ಮೀಸಲಾದ ಗಾತ್ರದಲ್ಲಿ, ಯಾವ ನಾಯಕನೂ ಇಲ್ಲದೆ ರೈತರೂ ಹೆಂಗಸರೂ ನಿಜದೇಹದ ಅಳತೆಯಲ್ಲಿ ನಿಂತದ್ದನ್ನು ಹಲವು ವಿಮರ್ಶಕರು ರಾಜಕೀಯ ಸವಾಲೆಂದೇ ಗ್ರಹಿಸಿದರು. ವಾಷಿಂಗ್ಟನ್‌ನ ಫಿಲಿಪ್ಸ್ ಸಂಗ್ರಹದಲ್ಲಿರುವ ದೋಮ್ಯೆಯ 'ದಂಗೆ' ಎಂಬ ತೈಲಚಿತ್ರವೂ ೧೮೪೮ರ ನೆನಪಿಗೆ ಸಂಬಂಧಿಸಿದೆ. ಬಿಳಿ ಅಂಗಿಯ ಯುವಕನೊಬ್ಬ ಗುಂಪಿನ ನಡುವೆ ಕೈಯೆತ್ತಿ ಕೂಗುತ್ತಿರುವುದು ಅದರ ವಸ್ತು. ಆತನು ದೇವತೆಯೂ ಅಲ್ಲ, ಹೆಸರುವಾಸಿ ನಾಯಕನೂ ಅಲ್ಲ.

೧೮೭೧ರ ಪ್ಯಾರಿಸ್ ಕಮ್ಯೂನ್

೧೮೭೧ರ ಮಾರ್ಚ್ ೧೮ರಿಂದ ಮೇ ೨೮ರವರೆಗೆ ಪ್ಯಾರಿಸ್ ನಗರವು ಕಮ್ಯೂನ್ ಎಂಬ ಕ್ರಾಂತಿಕಾರಿ ಆಡಳಿತದಡಿ ಇತ್ತು. ವರ್ಸೇಲ್ಸ್‌ನಿಂದ ಆಳುತ್ತಿದ್ದ ರಾಷ್ಟ್ರೀಯ ಸರ್ಕಾರದ ಸೇನೆಯು ಕೊನೆಯ ವಾರದಲ್ಲಿ ನಗರವನ್ನು ಮರುವಶ ಮಾಡಿಕೊಂಡಾಗ ಸಾವಿರಾರು ಜನರು ಹತರಾದರು.

ಆಸ್ಟರ್ಲಿಟ್ಜ್ ಯುದ್ಧದಲ್ಲಿ ವಶವಾದ ಫಿರಂಗಿಗಳ ಲೋಹದಿಂದ ನೆಪೋಲಿಯನ್ ಕಟ್ಟಿಸಿದ್ದ ವಾಂದೋಮ್ ಸ್ತಂಭವನ್ನು ಕಮ್ಯೂನ್ ಮೇ ೧೬ರಂದು ಉರುಳಿಸಿತು. ಕಲಾವಿದರ ಒಕ್ಕೂಟದ ಅಧ್ಯಕ್ಷನಾಗಿದ್ದ ಕೂರ್ಬೆಯನ್ನು ಇದಕ್ಕೆ ಹೊಣೆಗಾರನನ್ನಾಗಿಸಿ ಆರು ತಿಂಗಳ ಸೆರೆವಾಸ ಹಾಗೂ ೫೦೦ ಫ್ರಾಂಕ್ ದಂಡ ವಿಧಿಸಲಾಯಿತು. ಮುಂದೆ ಸ್ತಂಭದ ಮರುನಿರ್ಮಾಣದ ವೆಚ್ಚವನ್ನೂ ಅವನ ಮೇಲೆ ಹೊರಿಸಲಾಯಿತು. ಆ ಮೊತ್ತ ಮೂರು ಲಕ್ಷ ಫ್ರಾಂಕ್‌ಗಳಿಗೂ ಹೆಚ್ಚಾಗಿತ್ತು. ಸ್ವಿಟ್ಜರ್ಲೆಂಡಿಗೆ ತೆರಳಿದ ಕೂರ್ಬೆ ೧೮೭೭ರ ಡಿಸೆಂಬರ್ ೩೧ರಂದು ಅಲ್ಲಿಯೇ ನಿಧನನಾದನು.

ಈ ವೇಳೆಗೆ ಛಾಯಾಗ್ರಹಣವು ಜನರನ್ನು ಸ್ಪಷ್ಟವಾಗಿ ಸೆರೆಹಿಡಿಯುವಷ್ಟು ಸುಧಾರಿಸಿತ್ತು. ಬ್ರೂನೋ ಬ್ರಾಕೆಹೈ ತೆಗೆದ ಚಿತ್ರಗಳಲ್ಲಿ ಕಮ್ಯೂನಿನ ಹೋರಾಟಗಾರರು ಬ್ಯಾರಿಕೇಡುಗಳ ಮುಂದೆಯೂ ಉರುಳಿದ ಸ್ತಂಭದ ಸುತ್ತಲೂ ಹೆಮ್ಮೆಯಿಂದ ನಿಂತಿದ್ದಾರೆ. ವೇಷಧಾರಿಗಳ ನೆರವಿಲ್ಲದೆ, ತಮ್ಮದೇ ಮುಖದೊಡನೆ ಬೀದಿಯ ಜನರು ಚಿತ್ರದಲ್ಲಿ ಸ್ಥಾನ ಪಡೆದದ್ದು ಇಲ್ಲಿ. ಆದರೆ ಸೋಲಿನ ನಂತರ ಇಂತಹ ಚಿತ್ರಗಳು ಹೋರಾಟಗಾರರನ್ನು ಗುರುತು ಹಚ್ಚಲು ಪೊಲೀಸರಿಗೆ ನೆರವಾದವೆಂದು ಹೇಳಲಾಗುತ್ತದೆ. ವಿರುದ್ಧ ಪಕ್ಷದಲ್ಲಿ ಯೂಜೀನ್ ಅಪೇರ್ ಎಂಬ ಛಾಯಾಗ್ರಾಹಕನು ನಟರನ್ನು ನಿಲ್ಲಿಸಿ, ಅವರ ದೇಹಗಳಿಗೆ ಬೇರೆಯವರ ತಲೆಗಳನ್ನು ಅಂಟಿಸಿ 'ಕಮ್ಯೂನಿನ ಅಪರಾಧಗಳು' ಎಂಬ ಮಾಲೆಯನ್ನು ತಯಾರಿಸಿದನು. ಒತ್ತೆಯಾಳುಗಳ ಕೊಲೆಯಂತಹ ನಿಜವಾಗಿ ನಡೆದ ಘಟನೆಗಳನ್ನೇ ಕೃತಕವಾಗಿ ಮರುಸೃಷ್ಟಿಸಿದ ಈ ಚಿತ್ರಗಳ ಮಾರಾಟವನ್ನು ಸಾರ್ವಜನಿಕ ಶಾಂತಿಯ ಕಾರಣ ನೀಡಿ ಸರ್ಕಾರವೇ ಮುಂದೆ ನಿಲ್ಲಿಸಿತು.

ಎದುವಾರ್ ಮಾನೆಯ 'ಬ್ಯಾರಿಕೇಡ್' ಎಂಬ ಕಲ್ಲಚ್ಚಿನಲ್ಲಿ ಸೈನಿಕರು ಸಾಲಾಗಿ ನಿಂತು ಕಮ್ಯೂನಿನ ಹೋರಾಟಗಾರನಿಗೆ ಗುಂಡಿಕ್ಕುತ್ತಿದ್ದಾರೆ. ಈ ವಿನ್ಯಾಸವನ್ನು ಮಾನೆ ಮೆಕ್ಸಿಕೋದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನ ವಧೆಯನ್ನು ಕುರಿತ ತನ್ನದೇ ಚಿತ್ರದಿಂದ ತೆಗೆದುಕೊಂಡನು. ಆ ಚಿತ್ರಕ್ಕೆ ಸ್ಪೇನಿನ ಗೋಯಾ ೧೮೧೪ರಲ್ಲಿ ರಚಿಸಿದ '೧೮೦೮ರ ಮೇ ೩' ಮಾದರಿಯಾಗಿತ್ತು. ಗೋಯಾನ ಚಿತ್ರದಲ್ಲಿ ಫ್ರೆಂಚ್ ಸೈನಿಕರು ಮ್ಯಾಡ್ರಿಡ್‌ನ ದಂಗೆಕೋರರನ್ನು ಕೊಲ್ಲುತ್ತಾರೆ. ಮಾನೆಯ ಕಲ್ಲಚ್ಚಿನಲ್ಲಿ ಅದೇ ಸಾಲು ಪ್ಯಾರಿಸ್‌ನ ಬೀದಿಯಲ್ಲಿ ಫ್ರೆಂಚರ ಮೇಲೆಯೇ ಬಂದೂಕು ಎತ್ತಿದೆ. ಈ ಕೃತಿ ಮಾನೆಯ ಮರಣಾನಂತರ, ೧೮೮೪ರಲ್ಲಿ ಬೆಳಕು ಕಂಡಿತು. ಬಾಲ್ಯದಲ್ಲಿ ಕಮ್ಯೂನನ್ನು ಕಂಡಿದ್ದ ಮ್ಯಾಕ್ಸಿಮಿಲಿಯನ್ ಲೂಸ್ ಮೂರು ದಶಕಗಳ ಬಳಿಕ, ೧೯೦೩–೦೫ರಲ್ಲಿ, '೧೮೭೧ರ ಮೇ ತಿಂಗಳಿನಲ್ಲಿ ಪ್ಯಾರಿಸ್‌ನ ಒಂದು ಬೀದಿ' ಎಂಬ ದೊಡ್ಡ ಚಿತ್ರವನ್ನು ರಚಿಸಿದನು. ಮುಚ್ಚಿದ ಅಂಗಡಿಗಳ ಮುಂದಿನ ಹಾಸುಗಲ್ಲಿನ ಮೇಲೆ ಬಿದ್ದಿರುವ ಶವಗಳಲ್ಲಿ ಒಂದು ಹೆಂಗಸಿನದು.

ಸ್ತ್ರೀಯರ ಚಿತ್ರಣ

ಈ ಪರಂಪರೆಯಲ್ಲಿ ಸ್ತ್ರೀಯು ಸಂಕೇತವಾಗಿ ಎಲ್ಲೆಡೆ ಇದ್ದಾಳೆ: ಸ್ವಾತಂತ್ರ್ಯ, ಗಣರಾಜ್ಯ, ರಾಷ್ಟ್ರ ಎಲ್ಲವೂ ಸ್ತ್ರೀರೂಪದಲ್ಲಿವೆ. ಬೀದಿಗಿಳಿದ ನಿಜವಾದ ಸ್ತ್ರೀಯರ ಚಿತ್ರಣ ಬೇರೆಯೇ ಆಗಿತ್ತು. ೧೭೮೯ರ ಅಕ್ಟೋಬರ್ ೫ರಂದು ರೊಟ್ಟಿಯ ಅಭಾವದಿಂದ ಕಂಗೆಟ್ಟು ವರ್ಸೇಲ್ಸ್‌ಗೆ ನಡೆದ ಹೆಂಗಸರು, ಈಟಿ ಹಿಡಿದು ಫಿರಂಗಿ ಎಳೆಯುತ್ತಿರುವಂತೆ ಅನಾಮಧೇಯ ಅಚ್ಚಿನ ಚಿತ್ರಗಳಲ್ಲಿ ಕಾಣಿಸಿಕೊಂಡರು. ೧೮೭೧ರಲ್ಲಿ ಕಮ್ಯೂನಿನ ಹೆಂಗಸರನ್ನು ಸೀಮೆಎಣ್ಣೆ ಸುರಿದು ನಗರಕ್ಕೆ ಬೆಂಕಿಯಿಟ್ಟ 'ಪೆತ್ರೋಲ್ಯೂಜ್'ಗಳೆಂದು ವ್ಯಂಗ್ಯಚಿತ್ರಗಳು ವಿಕಾರವಾಗಿ ಬಿಡಿಸಿದವು. ಸ್ವಾತಂತ್ರ್ಯಕ್ಕೆ ಸ್ತ್ರೀರೂಪ ಕೊಟ್ಟ ಈ ದೇಶದಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕು ದೊರೆತದ್ದು ೧೯೪೪ರಲ್ಲಿ.

ಅಧ್ಯಯನಗಳು

ಗುಸ್ತಾವ್ ಲೆ ಬೋನ್ ೧೮೯೫ರಲ್ಲಿ ಪ್ರಕಟಿಸಿದ, ಗುಂಪಿನ ಮನಶ್ಶಾಸ್ತ್ರವನ್ನು ಕುರಿತ ಗ್ರಂಥವು ಗುಂಪಿನಲ್ಲಿ ಸೇರಿದ ವ್ಯಕ್ತಿಯು ವಿವೇಕವನ್ನು ಕಳೆದುಕೊಳ್ಳುತ್ತಾನೆಂದು ವಾದಿಸಿತು. ಇದಕ್ಕೆ ಪ್ರತಿಯಾಗಿ ಇತಿಹಾಸಕಾರ ಜಾರ್ಜ್ ರೂಡೆ ೧೯೫೯ರ ತನ್ನ ಕೃತಿಯಲ್ಲಿ ಪೊಲೀಸ್ ದಾಖಲೆಗಳನ್ನು ಪರಿಶೀಲಿಸಿ, ಮಹಾಕ್ರಾಂತಿಯ ಗುಂಪುಗಳಲ್ಲಿದ್ದವರು ಬಹುಮಟ್ಟಿಗೆ ಬಡಗಿಗಳು, ಬೀಗ ತಯಾರಕರು, ಚಿಕ್ಕ ಅಂಗಡಿಕಾರರು ಮತ್ತು ಕೂಲಿಗಾರರು ಎಂದು ತೋರಿಸಿದನು. ಕಲಾ ಇತಿಹಾಸಕಾರ ಟಿ. ಜೆ. ಕ್ಲಾರ್ಕ್ ೧೯೭೩ರಲ್ಲಿ ಪ್ರಕಟಿಸಿದ ಎರಡು ಗ್ರಂಥಗಳಲ್ಲಿ ೧೮೪೮ರ ನಂತರದ ಕಲೆಯನ್ನು ರಾಜಕೀಯದ ಹಿನ್ನೆಲೆಯಲ್ಲಿ ವಿಶ್ಲೇಷಿಸಿದನು. ಲೆ ಬೋನ್ ಕಂಡ ಗುಂಪು ಗಿಲ್ರೇಯ ವ್ಯಂಗ್ಯಚಿತ್ರಕ್ಕೆ ಹತ್ತಿರವಾದರೆ, ರೂಡೆ ಕಂಡದ್ದು ಶೋಲಾನಂತಹ ಕಸುಬುದಾರರ ಗುಂಪು.

ಪ್ರಭಾವ

ಫ್ರೆಂಚ್ ಮಾದರಿಗಳು ಇತರ ದೇಶಗಳ ಕಲಾವಿದರಿಗೂ ವಸ್ತು ಒದಗಿಸಿದವು. ವಿಕ್ಟರ್ ಹ್ಯೂಗೋನ 'ಲೆ ಮಿಸರಾಬ್ಲ್' ಕಾದಂಬರಿಯ ಗಾವ್ರೋಶ್ ಎಂಬ ಬೀದಿಹುಡುಗನ ಪಾತ್ರಕ್ಕೂ ಡೆಲಕ್ರಾನ ಪಿಸ್ತೂಲುಧಾರಿ ಹುಡುಗನಿಗೂ ಸಂಬಂಧವಿದೆಯೆಂಬ ಅಭಿಪ್ರಾಯ ಪ್ರಚಲಿತವಾಗಿದೆ. ಜರ್ಮನಿಯ ಕೆಥೆ ಕೋಲ್‌ವಿಟ್ಜ್ ೧೯೦೧ರಲ್ಲಿ ಫ್ರೆಂಚ್ ಕ್ರಾಂತಿಯ ಹೆಂಗಸರು ಗಿಲೊಟಿನ್ ಸುತ್ತ ಕುಣಿಯುವ ದೃಶ್ಯವನ್ನು ಕೆತ್ತಿದಳು. ೧೮೯೩ರಿಂದ ೧೮೯೭ರ ನಡುವೆ ರಚಿಸಿದ ನೇಕಾರರ ದಂಗೆಯ ಮಾಲೆಯಲ್ಲಿಯೂ ನಂತರದ ರೈತಯುದ್ಧದ ಮಾಲೆಯಲ್ಲಿಯೂ ಅವಳು ಸಾಂಕೇತಿಕ ದೇವತೆಯ ಬದಲು ದುಡಿಯುವ ಹೆಂಗಸನ್ನೇ ಮುಂಭಾಗದಲ್ಲಿ ನಿಲ್ಲಿಸಿದಳು. ಬಂಗಾಳದ ಗೇಣಿದಾರರ ತೇಭಾಗಾ ಹೋರಾಟವನ್ನು ೧೯೪೬ರಲ್ಲಿ ರೇಖಾಚಿತ್ರಗಳಲ್ಲಿ ದಾಖಲಿಸಿದ ಭಾರತೀಯ ಕಲಾವಿದ ಸೋಮನಾಥ ಹೋರ್ ಅವರ ಮೇಲೆ ಕೋಲ್‌ವಿಟ್ಜ್‌ಳ ಪ್ರಭಾವವಿತ್ತು. ಅಲ್ಲಿಯೂ ಚಿತ್ರಿತರಾದವರು ಹಳ್ಳಿಯ ಸಾಮಾನ್ಯ ರೈತರು. ಕಲಾವಿದರು ಅವರ ನ���ುವೆಯೇ ಇದ್ದು ಆ ಚಿತ್ರಗಳನ್ನು ಬರೆದರು.